ಕಾಂಕ್ರೀಟಿನಲ್ಲಿ ಎದ್ದ ಗುಳ್ಳೆ

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿದೆ. ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆ ಹಿಡಿದರೆ ನೆಲ ಬೆವರುತ್ತದೆ. ಎರಡು ಜೊತೆ ಸಾಕ್ಸ್ ಹಾಕಿದರೂ ಅಮ್ಮನ ಮಂಡಿ ಹಿಡಿದುಕೊಳ್ಳುತ್ತಿತ್ತು. ಅದಕ್ಕೇ ಹಿಂದುಗಡೆ ಎರಡು ಕೋಣೆ ಕಟ್ಟಿಸುವಾಗ ನೆಲದೊಳಗೆ ಬಿಸಿನೀರಿನ ಪೈಪ್ ಹಾಕಿಸಲೇಬೇಕು ಅಂತ ಹಟ ಹಿಡಿದೆ.

ಕಾಫಿ ಕೊಯ್ಲು ಮುಗಿದ ಮೇಲೆ ಮಾರ್ಚ್‌ನಲ್ಲಿ ಕೆಲಸ ಶುರುವಾಯಿತು. ಜಲ್ಲಿ ಹಾಕಿ ಗುದ್ದಿಸಿ, ಗೆದ್ದಲಿನ ಔಷಧಿ ಹೊಡೆಸಿ (ಇದನ್ನು ಮಾತ್ರ ಬಿಡಬೇಡಿ, ಫೋಮ್ ಬೋರ್ಡನ್ನು ಗೆದ್ದಲು ಸಲೀಸಾಗಿ ಕೊರೆಯುತ್ತದೆ), ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ, ಮೇಲೆ ಬಿಸಿ ಕೆಳಗಿಳಿಯದ ಹಾಗೆ 2 ಇಂಚಿನ ಎಕ್ಸ್‌ಪಿಎಸ್ ಫೋಮ್ ಬೋರ್ಡ್ ಜೋಡಿಸಿದೆವು. ಅಂಚಿನಲ್ಲಿ ಬಿಸಿ ಜಾಸ್ತಿ ಸೋರುತ್ತದೆ ಅಲ್ವಾ, ಅಲ್ಲೂ ಸುತ್ತ ಬೋರ್ಡ್ ನಿಲ್ಲಿಸಿದೆವು. ಆಮೇಲೆ ಕಬ್ಬಿಣದ ಮೆಶ್, ಮೆಶ್‌ಗೆ ಕಟ್ಟಿದ ಪೆಕ್ಸ್ ಪೈಪ್ (ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್), ಸಾಲಿಂದ ಸಾಲಿಗೆ 20 ಸೆಂಟಿಮೀಟರ್. 400 ಚದರಡಿಗೆ ಎರಡು ಲೂಪ್ (ನೀರು ಹೋಗಿ ವಾಪಸ್ ಬರುವ ಸುತ್ತು), ಒಂದೊಂದೂ 90 ಮೀಟರ್ ಚಿಲ್ಲರೆ. ಲೂಪ್ ಅದಕ್ಕಿಂತ ತುಂಬಾ ಉದ್ದವಾದರೆ ಪಂಪ್‌ಗೆ ನೀರು ತಳ್ಳುವುದು ಕಷ್ಟ.

ಕಾಂಕ್ರೀಟ್ ಹಾಕುವ ದಿನ ಪೈಪ್ ಎಲ್ಲಾದರೂ ತೂತಾದರೆ ಗೊತ್ತಾಗಲಿ ಅಂತ ಒಳಗೆ 4 ಕೆಜಿ ಒತ್ತಡಕ್ಕೆ ಗಾಳಿ ತುಂಬಿ, ಗೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. ಮಿಕ್ಸರ್ ಏಳಕ್ಕೇ ಶುರುವಾಗಿತ್ತು. ಹನ್ನೊಂದರ ಹೊತ್ತಿಗೆ ಮುಳ್ಳು ಮೂರೂವರೆಗೆ ಇಳಿಯಿತು. ನೋಡನೋಡುತ್ತಿದ್ದಂತೆ ಮೂರು. "ಮೇಸ್ತ್ರಿ, ನಿಲ್ಸಿ!" ಅಂತ ಕಿರುಚಿದೆ. ಮಿಕ್ಸರ್ ನಿಂತ ಮೇಲೆ ಕಿಟಕಿ ಹತ್ತಿರ ಹಸಿ ಕಾಂಕ್ರೀಟಿನ ಮೇಲೆ ಒಂದು ಗುಳ್ಳೆ ಎದ್ದು ಒಡೆಯಿತು, ಅದೇ ಜಾಗದಲ್ಲಿ ಇನ್ನೊಂದು. ಗಂಜಿ ಕುದಿಯುವ ಹಾಗೆ.

ಇಬ್ಬರು ಕೈಯಲ್ಲೇ ತೋಡಿದರು. ಸಲಿಕೆ ಅಂಚು ತಾಗಿ ಪೈಪಿನಲ್ಲಿ ಉಗುರಷ್ಟು ಸೀಳು. "ಬಿಡಿ ಸಾರ್, ಟೇಪ್ ಸುತ್ತಿದ್ರೆ ಸಾಕು" ಅಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಆ ತುಂಡು ಕತ್ತರಿಸಿ, ಹಿತ್ತಾಳೆ ಕಪ್ಲಿಂಗ್ ಕೂರಿಸಿ, ಅದಕ್ಕೆ ಸಿಮೆಂಟ್ ತಾಗದ ಹಾಗೆ ಸುತ್ತಿ, ಮತ್ತೆ 4 ಕೆಜಿ ತುಂಬಿ ಮುಳ್ಳು ಅಲ್ಲಾಡುವುದಿಲ್ಲ ಅಂತ ಖಾತ್ರಿಯಾದ ಮೇಲೇ ಮಿಕ್ಸರ್ ತಿರುಗಿತು. ನೆಲದೊಳಗೆ ಒಂದೂ ಜಾಯಿಂಟ್ ಇರಬಾರದು ಅಂದುಕೊಂಡಿದ್ದೆ, ಅದು ತಪ್ಪಿತಲ್ಲ ಅನ್ನುವ ಸಂಕಟ ಇವತ್ತಿಗೂ ಇದೆ. ಎರಡೂ ಗೋಡೆಯಿಂದ ಟೇಪ್ ಹಿಡಿದು ಆ ಜಾಯಿಂಟ್ ಇರುವ ಜಾಗದ ಅಳತೆ ಬರೆದು, ಫೋಟೋ ತೆಗೆದಿಟ್ಟುಕೊಂಡೆ.

28 ದಿನ ಬರೀ ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗಲು ಬಿಡುವುದು. ಆಮೇಲೂ ಅವಸರ ಮಾಡದೆ, 25 ಡಿಗ್ರಿ ನೀರಿನಿಂದ ಶುರುಮಾಡಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದೆ. ಕಾಫಿ ಗಿಡ ಸವರಿದಾಗ ಸಿಗುವ ಸೌದೆಯೇ ಬಾಯ್ಲರ್‌ಗೆ ಸಾಕು, ಏಕೆಂದರೆ 35-40 ಡಿಗ್ರಿ ನೀರಿದ್ದರೆ ಆಯಿತು. ಕರೆಂಟ್ ಹೋದರೆ ಪಂಪ್ ಇನ್ವರ್ಟರ್ ಮೇಲೆ ಓಡುತ್ತದೆ.

ಮೊದಲ ಮಳೆಗೆ ಸಂಜೆ ಬೆಂಕಿ ಹಾಕಿದೆ. ರಾತ್ರಿ ಹತ್ತಾದರೂ ನೆಲ ತಣ್ಣಗೇ ಇತ್ತು. 4 ಇಂಚಿನ ಕಾಂಕ್ರೀಟ್ ಕಾಯಲು ಹೊತ್ತು ಬೇಕು ಅಂತ ಗೊತ್ತಿದ್ದೂ ನಿದ್ದೆ ಬರಲಿಲ್ಲ. ಬೆಳಗಿನ ಜಾವ ಎದ್ದು ಕಾಲಿಟ್ಟೆ, ಬೆಚ್ಚಗಿತ್ತು. ಅಮ್ಮ ಆಗಲೇ ಎದ್ದಿದ್ದರು, ಬರಿಗಾಲಲ್ಲಿ. ಎರಡು ದಿನದಿಂದ ಒಣಗದ ಟವೆಲ್‌ಗಳನ್ನು ತಂದು ನೆಲದ ಮೇಲೆ ಸಾಲಾಗಿ ಹರಡುತ್ತಿದ್ದರು.