ಕೈಪಿಡಿ ಹೇಳದ್ದನ್ನು ಲಾಗ್ ಹೇಳಿತು

ಬೇರೆ ಕಡೆ ಇದ್ದಾಗಲೂ ಮನೆಯ ಲಿನಕ್ಸ್ ಕಂಪ್ಯೂಟರನ್ನು ಲ್ಯಾಪ್‌ಟಾಪ್‌ನಿಂದ ಬಳಸುವಂತಾಗಬೇಕು. ನನಗೆ ಬೇಕಿದ್ದದ್ದು ಇಷ್ಟೇ. ಅದಕ್ಕೆ ವಿಎನ್‌ಸಿ (ಒಂದು ಕಂಪ್ಯೂಟರಿನ ಪರದೆಯನ್ನು ಇನ್ನೊಂದರಿಂದ ನೋಡಿ ಬಳಸುವ ವಿಧಾನ) ಮೇಲೆ ನಡೆಯುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿಕೊಂಡೆ. ಇನ್‌ಸ್ಟಾಲ್ ಏನೋ ಸಲೀಸಾಗಿ ಆಯಿತು. ಮುಂದೇನು ಅಂತ ಕೈಪಿಡಿ ತೆರೆದೆ.

‘ಡಿಸ್‌ಪ್ಲೇ: ಡಿಸ್‌ಪ್ಲೇ ಸಂಖ್ಯೆ ಕೊಡಿ. ಪಾಸ್‌ವರ್ಡ್: ಪಾಸ್‌ವರ್ಡ್ ಕೊಡಿ.’ ಪುಟಗಟ್ಟಲೆ ಹೀಗೇ. ಯಾವ ಸಂಖ್ಯೆ, ಯಾಕೆ, ಕೊಡದಿದ್ದರೆ ಏನಾಗುತ್ತದೆ, ಒಂದೂ ಇಲ್ಲ. ಸುಮ್ನೆ 1 ಎಂದು ಕೊಟ್ಟೆ. ಲ್ಯಾಪ್‌ಟಾಪ್‌ನಿಂದ ಕರೆದರೆ ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ಬಂತು. ಇದಕ್ಕೆ ಕೈಪಿಡಿ ಕೊಟ್ಟ ಪರಿಹಾರ: ‘ನಿಮ್ಮ ನೆಟ್‌ವರ್ಕ್ ಪರೀಕ್ಷಿಸಿ.’

ಆದರೆ ಆ ಎರಡು ಪದಗಳಲ್ಲಿ ಎಷ್ಟೊಂದು ಸುಳಿವಿದೆ! ಕರೆ ದಾರಿಯಲ್ಲೇ ಕಳೆದುಹೋದರೆ ಸಾಮಾನ್ಯವಾಗಿ ‘ಟೈಮ್ಡ್ ಔಟ್’ ಎಂದು ಬರುತ್ತದೆ. ‘ರಿಫ್ಯೂಸ್ಡ್’ ಎಂದರೆ ಕರೆ ಯಂತ್ರದವರೆಗೆ ಹೋಗಿದೆ, ಆ ಪೋರ್ಟ್‌ನಲ್ಲಿ (ಕರೆ ಬರುವ, ಸಂಖ್ಯೆ ಹಾಕಿದ ಬಾಗಿಲು) ಕೇಳಿಸಿಕೊಳ್ಳುವವರು ಇಲ್ಲ ಎಂದೇ ಬಹುಪಾಲು ಅರ್ಥ. ಯಾವ ಪ್ರೋಗ್ರಾಂ ಯಾವ ಪೋರ್ಟ್‌ನಲ್ಲಿ ಕೂತಿದೆ ಎಂದು ತೋರಿಸುವ ಕಮಾಂಡ್ ಲಿನಕ್ಸ್‌ನಲ್ಲೇ ಇದೆ. ಓಡಿಸಿ ನೋಡಿದರೆ ಉತ್ತರ ಕಣ್ಣೆದುರಿಗೇ ಇತ್ತು: 127.0.0.1, ಪೋರ್ಟ್ 5901. ವಿಎನ್‌ಸಿಯ ಪೋರ್ಟುಗಳು 5900ರಿಂದ ಶುರು. ಡಿಸ್‌ಪ್ಲೇ 1 ಅಂದರೆ 5901, ಡಿಸ್‌ಪ್ಲೇ 2 ಅಂದರೆ 5902. ಇನ್ನು 127.0.0.1 ಎಂದರೆ ಅದೇ ಕಂಪ್ಯೂಟರಿನ ಒಳಗಿನಿಂದ ಬಂದ ಕರೆಗೆ ಮಾತ್ರ ಉತ್ತರ. ಹಳೆಯ ವಿಎನ್‌ಸಿ ಕಳಿಸುವುದನ್ನು ಎನ್‌ಕ್ರಿಪ್ಟ್ ಮಾಡುವುದಿಲ್ಲ, ಅಂದರೆ ಬೇರೆಯವರು ಓದಲಾಗದಂತೆ ಗುಟ್ಟು ಮಾಡುವುದಿಲ್ಲ, ಹಾಗಾಗಿ ಹೊರಗಿನವರಿಗೆ ಬಾಗಿಲು ಮುಚ್ಚಿಟ್ಟದ್ದು ಒಳ್ಳೆಯದೇ. ಆದರೆ ಮುಚ್ಚಿದ್ದೇವೆ ಎಂದು ಒಂದು ಸಾಲು ಬರೆಯಬಹುದಿತ್ತು, ಅಲ್ವಾ?

ಇನ್ನೊಂದು ಕಂಪ್ಯೂಟರಿಗೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್‌ನಿಂದ ಒಂದು ಸುರಂಗ ತೋಡಿದೆ. ಲ್ಯಾಪ್‌ಟಾಪ್‌ನ 5901ಕ್ಕೆ ಬಂದದ್ದು ಎನ್‌ಕ್ರಿಪ್ಟ್ ಆಗಿ ಆ ಕಡೆಯ 5901ಕ್ಕೆ, ಒಳಗಿನಿಂದಲೇ ಬಂದ ಕರೆಯಂತೆ, ಹೋಗುತ್ತದೆ. ವಿಎನ್‌ಸಿ ಪಾಸ್‌ವರ್ಡ್ ಕೇಳಿತು. ಉದ್ದದ ಪಾಸ್‌ವರ್ಡ್‌ನ ಕೊನೆಯಲ್ಲಿ ಬೆರಳು ತಪ್ಪಿತು, ಆದರೂ ಒಳಗೆ ಬಿಟ್ಟಿತು! ಹಳೆಯ ವಿಎನ್‌ಸಿ ಪದ್ಧತಿ ಮೊದಲ 8 ಅಕ್ಷರಗಳನ್ನಷ್ಟೇ ನೋಡುತ್ತದೆ. ಇದನ್ನೂ ಕೈಪಿಡಿಯಲ್ಲಿ ಹುಡುಕಿದೆ, ಇರಲಿಲ್ಲ. ಸುರಂಗ ಇದ್ದದ್ದಕ್ಕೆ ಹೆಚ್ಚು ಚಿಂತೆ ಆಗಲಿಲ್ಲ.

ತಮಾಷೆ ಎಂದರೆ, ವಿಎನ್‌ಸಿಯ ಅಡಿಯಲ್ಲಿರುವ ಆರ್‌ಎಫ್‌ಬಿ ಪ್ರೋಟೋಕಾಲ್‌ಗೆ (ಎರಡು ಕಂಪ್ಯೂಟರುಗಳು ಮಾತಾಡುವ ನಿಯಮಾವಳಿ) 2011ರಲ್ಲಿ ಆರ್‌ಎಫ್‌ಸಿ 6143 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯೇ ಬಂದಿದೆ. ಯಾವ ಬೈಟ್ ಆದಮೇಲೆ ಯಾವ ಬೈಟ್ ಎಂದು ಬಿಡಿಸಿ ಬರೆದಿದ್ದಾರೆ. ಈ ಪಾಸ್‌ವರ್ಡ್ ಪದ್ಧತಿ ದುರ್ಬಲ ಎಂದೂ ಅದರಲ್ಲೇ ಹೇಳಿದ್ದಾರೆ. ಪ್ರೋಗ್ರಾಮರ್‌ಗಳಿಗಾಗಿ ಬರೆದದ್ದು ನನಗೆ ಅರ್ಥವಾಯಿತು. ಬಳಕೆದಾರರಿಗೆಂದೇ ಬರೆದದ್ದು ಅರ್ಥವಾಗಲಿಲ್ಲ.

ಒಳಗೆ ಹೋದರೆ ಕಂಡದ್ದು ಬರೀ ಬೂದು ಪರದೆ, ಮೇಲೊಂದು ಮೌಸ್ ಗುರುತು. ಇಲ್ಲಿ ಕೈಪಿಡಿಯನ್ನು ಬದಿಗಿಟ್ಟು ಲಾಗ್, ಅಂದರೆ ಸಾಫ್ಟ್‌ವೇರ್ ನಡೆದದ್ದನ್ನು ಬರೆದಿಡುವ ಫೈಲ್, ಓದಲು ಕೂತೆ. ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಅಡಗಿದ ಫೋಲ್ಡರ್ ಒಂದರಲ್ಲಿ ಅದು ಇತ್ತು. ಡೆಸ್ಕ್‌ಟಾಪ್ ಶುರುವಾದ ಕೂಡಲೇ ನಿಂತುಹೋಗಿದೆ ಎಂದು ಸಮಯದ ಸಮೇತ ಬರೆದಿತ್ತು. ಈ ಸಾಫ್ಟ್‌ವೇರ್ ಮಾನಿಟರ್‌ನಲ್ಲಿ ಕಾಣುವ ಪರದೆಯನ್ನು ತೋರಿಸುವುದಿಲ್ಲ, ಬೇರೆಯೇ ಒಂದು ಪರದೆ ಹುಟ್ಟಿಸುತ್ತದೆ. ಮನೆಯ ಮಾನಿಟರ್‌ನಲ್ಲಿ ನಾನು ಅದೇ ಹೆಸರಿನಲ್ಲಿ ಆಗಲೇ ಲಾಗಿನ್ ಆಗಿದ್ದೆ. ಕೆಲವು ಡೆಸ್ಕ್‌ಟಾಪ್‌ಗಳು ಒಬ್ಬರ ಹೆಸರಿನಲ್ಲಿ ಎರಡು ಕಡೆ ಓಡಲು ಒಪ್ಪುವುದಿಲ್ಲ. ಅಲ್ಲಿ ಲಾಗ್ ಔಟ್ ಮಾಡಿದೆ, ಇಲ್ಲಿ ಪರದೆ ತುಂಬಿತು.

ಇದೆಲ್ಲ ಮನೆಯ ವೈಫೈ ಒಳಗಿನ ಮಾತು. ಹೊರಗಿನಿಂದ ಪ್ರಯತ್ನಿಸಿದರೆ ನಿಜಕ್ಕೂ ‘ಟೈಮ್ಡ್ ಔಟ್’. ‘ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ’ ಎಂದು ಕೈಪಿಡಿ ಹೇಳಿತು, ಅಂದರೆ ರೂಟರ್‌ಗೆ ಹೊರಗಿನಿಂದ ಬಂದ ಕರೆಯನ್ನು ಮನೆಯ ಕಂಪ್ಯೂಟರಿಗೆ ದಾಟಿಸಿ ಎಂದು. ಆದರೆ ರೂಟರ್‌ಗೆ ಸಿಕ್ಕ ವಿಳಾಸ 100.64ರಿಂದ 100.127ರವರೆಗಿನ ಗುಂಪಿನದು. ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವಾಗ ಬಳಸಲಿ ಎಂದು 2012ರಲ್ಲಿ ಮೀಸಲಿಟ್ಟ ಗುಂಪು ಅದು. ಹೊರಗಿನ ಕರೆ ನನ್ನ ರೂಟರ್‌ವರೆಗೆ ಬರುವುದೇ ಇಲ್ಲ. ಫಾರ್ವರ್ಡ್ ಮಾಡಿ ಏನು ಬಂತು?

ಬಾಡಿಗೆಗೆ ಒಂದು ಪುಟ್ಟ ಸರ್ವರ್ ಹಿಡಿದು, ಮನೆಯ ಕಂಪ್ಯೂಟರನ್ನೂ ಲ್ಯಾಪ್‌ಟಾಪನ್ನೂ ವೈರ್‌ಗಾರ್ಡ್ ಎಂಬ, ಎನ್‌ಕ್ರಿಪ್ಟ್ ಆದ ಖಾಸಗಿ ಜಾಲ ಕಟ್ಟುವ ಸಾಫ್ಟ್‌ವೇರ್ ಮೂಲಕ ಅದಕ್ಕೆ ಸೇರಿಸಿದೆ. ಮನೆಯಿಂದ ಕರೆ ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲವಲ್ಲ, ಹಾಗಾಗಿ ಇದು ನಡೆಯುತ್ತದೆ. ವೈರ್‌ಗಾರ್ಡ್‌ನ ವಿವರಣೆ ಬಹಳ ಚಿಕ್ಕದು. ಆದರೂ ‘ನ್ಯಾಟ್’ (ಒಂದೇ ವಿಳಾಸವನ್ನು ಹಲವರು ಹಂಚಿಕೊಳ್ಳುವ ಏರ್ಪಾಡು) ಹಿಂದೆ ಇದ್ದು ಹೊರಗಿನ ಕರೆಗೆ ಕಾಯುವವರು ಮಾತ್ರ ಕೀಪ್‌ಅಲೈವ್ (ದಾರಿ ತೆರೆದಿರಲಿ ಎಂದು ಆಗಾಗ ಕಳಿಸುವ ಪುಟ್ಟ ಸಂದೇಶ) ಹಾಕಿ, 25 ಸೆಕೆಂಡ್ ಸಾಕು, ಉಳಿದವರಿಗೆ ಬೇಡ ಎಂದು ಸ್ಪಷ್ಟವಾಗಿ ಹೇಳುತ್ತದೆ. ಪುಟ ಜಾಸ್ತಿ ಬೇಕು ಎಂದು ನಾನು ಕೇಳುತ್ತಿರಲಿಲ್ಲ. ಯಾರಿಗೆ, ಯಾವಾಗ ಬೇಕು ಎಂದು ಹೇಳಿ ಎಂದಷ್ಟೇ ನನ್ನ ತಕರಾರು.

ಈಗ ಬೇರೆ ಕಡೆಯಿಂದಲೂ ಮನೆಯ ಪರದೆ ತೆರೆಯುತ್ತದೆ. ಬರಹದ ಕೆಲಸಕ್ಕೆ ಚೆನ್ನಾಗಿದೆ, ವಿಡಿಯೋ ಮಾತ್ರ ತಡವರಿಸುತ್ತದೆ. ಫೈಲ್ ತರಬೇಕಿದ್ದರೆ ಪರದೆ ತೆರೆಯುವುದೇ ಇಲ್ಲ, ಅದೇ ದಾರಿಯಲ್ಲಿ ಎಸ್‌ಎಸ್‌ಎಚ್ ಮೇಲೆ ಫೈಲ್ ಸಾಗಿಸುವ ಎಸ್‌ಎಫ್‌ಟಿಪಿಯಿಂದ ಎಳೆದುಕೊಳ್ಳುತ್ತೇನೆ.