ಅಷ್ಟೂ ಗೊತ್ತಾಗ್ಲಿಲ್ವಾ ಅಂಕಲ್?

"ಅಷ್ಟೂ ಗೊತ್ತಾಗ್ಲಿಲ್ವಾ ಅಂಕಲ್ ನಿಮಗೆಲ್ಲ?"

ಕೇಳಿದ್ದು ಹದಿನೇಳರ ಹುಡುಗ. ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಇನ್ನೊಂದರಲ್ಲಿ ಫೋನು. ನಗುತ್ತಲೇ ಕೇಳಿದ, ಚುಚ್ಚಬೇಕು ಅಂತೇನೂ ಅಲ್ಲ. ಒಳ್ಳೆಯ ಹುಡುಗ, ಇಲ್ಲೇ ಹುಟ್ಟಿ ಬೆಳೆದರೂ ದೊಡ್ಡವರ ಜೊತೆ ಕನ್ನಡದಲ್ಲೇ ಮಾತಾಡುತ್ತಾನೆ. ಆದರೂ ಶನಿವಾರದಿಂದ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಮೀಟಿಂಗಿನ ಮಧ್ಯೆ ನೆನಪಾಗುತ್ತದೆ. ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿದಾಗ ನೆನಪಾಗುತ್ತದೆ. ಅವತ್ತು ಕೊಡದ ಉತ್ತರವನ್ನು ಈಗ ಒಬ್ಬನೇ ಕೂತು ಕೊಡುತ್ತಿರುತ್ತೇನೆ.

ಜೂನ್ ತಿಂಗಳು ಬಂತೆಂದರೆ ಅಮೆರಿಕದ ಈ ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಇದೇ ಮಾತು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗರಲ್ಲಿ ನಮ್ಮ ಬ್ಲೇಜರ್ಸ್ ತಂಡ ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು. ಎನ್‌ಬಿಎ ಅಂದರೆ ಇಲ್ಲಿನ ದೊಡ್ಡ ಬಾಸ್ಕೆಟ್‌ಬಾಲ್ ಲೀಗು, ಅದಕ್ಕೆ ಹೊಸ ಹುಡುಗರನ್ನು ಆರಿಸುವುದೇ ಡ್ರಾಫ್ಟು. ಅದು ಐಪಿಎಲ್ ಹರಾಜಿನ ಥರ ಅಲ್ಲ. ದುಡ್ಡಿದ್ದವರು ಕೈ ಎತ್ತಿ ಕೊಳ್ಳುವ ಹಾಗಿಲ್ಲ. ಹಿಂದಿನ ಸೀಸನ್ನಿನಲ್ಲಿ ಸೋತು ಸುಣ್ಣವಾದವರಿಗೆ ಮೊದಲ ಆಯ್ಕೆ ಸಿಗುವ ಅವಕಾಶ ಜಾಸ್ತಿ. ಅದನ್ನೂ ನಂಬರು ಬರೆದ ಪಿಂಗ್‌ಪಾಂಗ್ ಚೆಂಡು ಎತ್ತಿ ತೀರ್ಮಾನಿಸುತ್ತಾರೆ. ನಿಮ್ಮ ಸರದಿ ಬಂದಾಗ ಒಬ್ಬನ ಹೆಸರು ಹೇಳಬೇಕು. ಬಿಟ್ಟವನು ಬೇರೆಯವರ ಪಾಲು.

ಹುಡುಗ ಕೇಳಿದ್ದು 2007ರ ವಿಷಯ. ಅವನು ಆಗಿನ್ನೂ ಹುಟ್ಟೇ ಇರಲಿಲ್ಲ.

ಆ ವರ್ಷ ಪೋರ್ಟ್‌ಲ್ಯಾಂಡ್‌ಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ಬರೀ ಶೇ 5.3. ಆದರೂ ಚೆಂಡು ನಮ್ಮ ಕಡೆ ಬಿತ್ತು. ಎರಡನೆಯದು ಸಿಯಾಟಲ್‌ಗೆ, ಇಲ್ಲಿಂದ ಕಾರಿನಲ್ಲಿ ಮೂರು ಗಂಟೆ ದಾರಿ. ಮುಂದೆ ಇದ್ದವರು ಇಬ್ಬರೇ. ಒಹಾಯೊ ಸ್ಟೇಟ್‌ನ ಗ್ರೆಗ್ ಓಡನ್, ಟೆಕ್ಸಸ್ ವಿಶ್ವವಿದ್ಯಾಲಯದ ಕೆವಿನ್ ಡ್ಯುರಾಂಟ್. ಇಬ್ಬರೂ ಕಾಲೇಜಿನಲ್ಲಿ ಒಂದೇ ವರ್ಷ ಆಡಿದವರು. ಮೂರನೆಯವನ ಮಾತು ಯಾರೂ ಎತ್ತುತ್ತಿರಲಿಲ್ಲ.

ಓಡನ್ ಏಳಡಿ ಎತ್ತರ. ವಯಸ್ಸು ಹತ್ತೊಂಬತ್ತು, ಮುಖ ನೋಡಿದರೆ ನಲವತ್ತು. ಬಲಗೈ ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸೀಸನ್ನಿಗೆ ತಡವಾಗಿ ಇಳಿದವನು, ಎದುರಾಳಿಯ ಫೌಲಿಗೆ ಸಿಗುವ ಫ್ರೀ ಥ್ರೋಗಳನ್ನು ಎಡಗೈಯಲ್ಲಿ ಹಾಕಿದ. ಏಪ್ರಿಲ್ಲಿನ ಕಾಲೇಜು ಫೈನಲ್ಲಿನಲ್ಲಿ ಅವನ ತಂಡ ಫ್ಲೋರಿಡಾಗೆ ಸೋತಿತು, ಆದರೆ ಅವನೊಬ್ಬನೇ 25 ಪಾಯಿಂಟು, 12 ರೀಬೌಂಡು (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು) ತೆಗೆದಿದ್ದ. ಎದುರಿಗಿದ್ದವರೂ ಮುಂದೆ ಎನ್‌ಬಿಎಯಲ್ಲಿ ಹೆಸರು ಮಾಡಿದ ನೋವಾ, ಹೋರ್ಫರ್ಡ್. ಸಾಮಾನ್ಯ ಹುಡುಗರಲ್ಲ. ಆ ಆಟ ನೋಡಿದ ಮೇಲೆ ನನಗೆ ಬೇರೆ ಯೋಚನೆಯೇ ಬರಲಿಲ್ಲ.

ಡ್ಯುರಾಂಟ್ ಕಡ್ಡಿ. ಆಟಕ್ಕೆ ಸರಾಸರಿ 25.8 ಪಾಯಿಂಟು, 11.1 ರೀಬೌಂಡು. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅನಿಸಿಕೊಂಡಿದ್ದು ಅದೇ ಮೊದಲು. ಆದರೆ ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ 185 ಪೌಂಡಿನ, ಅಂದರೆ ಸುಮಾರು 84 ಕೆಜಿಯ ಕಬ್ಬಿಣದ ಬಾರನ್ನು ಒಂದು ಸಲವೂ ಎತ್ತಲಿಲ್ಲ. ಅದೊಂದೇ ಸಾಕಾಯಿತು. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರೆಲ್ಲ ಆ ಹುಡುಗನ ತೋಳಿನ ಬಗ್ಗೆ ಭಾಷಣ ಮಾಡಿದರು. ಹದಿನೆಂಟು ವರ್ಷದವನ ಮೂಳೆ, ಮಂಡಿ, ಭುಜದ ಅಗಲ ಎಲ್ಲದಕ್ಕೂ ಅಭಿಪ್ರಾಯ ಇತ್ತು. ಅಭಿಪ್ರಾಯ ಕೊಟ್ಟವರಲ್ಲಿ ನಾನೂ ಒಬ್ಬ, ದೂರ ನಿಂತು ನೋಡಿದವನಲ್ಲ.

ನಾನು ಓಡನ್ ಕಡೆ. ಈಗಲೂ ಹೇಳುತ್ತೇನೆ, 2007ರ ಜೂನ್ ತಿಂಗಳಲ್ಲಿ ಗೊತ್ತಿದ್ದಷ್ಟೇ ಗೊತ್ತಿದ್ದರೆ ಇವತ್ತೂ ಓಡನ್ನೇ. ತಂಡದಲ್ಲಿ ಪಾಯಿಂಟು ಹೊಡೆಯಲು ಬ್ರ್ಯಾಂಡನ್ ರಾಯ್ ಇದ್ದ, ಆ ವರ್ಷದ ಅತ್ಯುತ್ತಮ ಹೊಸ ಆಟಗಾರ. ಜೊತೆಗೆ ಲಮಾರ್ಕಸ್ ಆಲ್ಡ್ರಿಜ್. ಬೇಕಾಗಿದ್ದವನು ಬುಟ್ಟಿಯ ಕೆಳಗೆ ಗೋಡೆಯಾಗಿ ನಿಲ್ಲುವ ಸೆಂಟರ್. ಅಂಥ ಸೆಂಟರ್ ಹತ್ತಾರು ವರ್ಷಕ್ಕೊಬ್ಬ ಬರುತ್ತಾನೆ. ತಜ್ಞರಲ್ಲಿ ಹೆಚ್ಚಿನವರೂ ಇದನ್ನೇ ಹೇಳುತ್ತಿದ್ದರು.

ಈ ಊರಿಗೆ ಎತ್ತರದ ಆಟಗಾರರ ಮೇಲೆ ಒಂದು ಹಳೆಯ ಮೋಹವೂ ಇದೆ. ಬ್ಲೇಜರ್ಸ್ ಚಾಂಪಿಯನ್ ಆಗಿದ್ದು ಒಂದೇ ಸಲ, 1977ರಲ್ಲಿ. ಗೆಲ್ಲಿಸಿದವನು ಸೆಂಟರ್ ಬಿಲ್ ವಾಲ್ಟನ್. ಅವನ ಪಾದದ ಮೂಳೆ ಮುರಿದು ಆ ವೈಭವ ಬೇಗ ಮುಗಿಯಿತು. 1984ರಲ್ಲಿ ಎರಡನೇ ಆಯ್ಕೆ ಸಿಕ್ಕಾಗ ಮತ್ತೆ ಸೆಂಟರನ್ನೇ ಹುಡುಕಿದರು. ಕಾಲು ಮುರಿದು ಕಾಲೇಜಿನಲ್ಲಿ ಎರಡು ಸೀಸನ್ ಕೂತಿದ್ದ ಸ್ಯಾಮ್ ಬೋವಿ. ಅವನ ನಂತರ ಮೂರನೆಯವನಾಗಿ ಶಿಕಾಗೊಗೆ ಹೋದವನು, ಮುಂದೆ ಈ ಆಟದ ದಂತಕಥೆಯಾದ ಮೈಕಲ್ ಜೋರ್ಡನ್. ಪೋರ್ಟ್‌ಲ್ಯಾಂಡ್ ಹತ್ತಿರ ಆಗಲೇ ಕ್ಲೈಡ್ ಡ್ರೆಕ್ಸ್ಲರ್ ಇದ್ದ, ಅದೇ ಥರದ ಇನ್ನೊಬ್ಬ ಯಾಕೆ ಅನ್ನುವ ಲೆಕ್ಕ. ಲೆಕ್ಕ ಹಾಕಿದಾಗ ಅದೂ ಸರಿಯಾಗಿಯೇ ಕಂಡಿತ್ತು.

ಜೂನ್ 28ರಂದು ಓಡನ್ ಹೆಸರು ಕರೆದರು. ಮರುದಿನ ಅವನು ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಪಯೋನಿಯರ್ ಕೋರ್ಟ್‌ಹೌಸ್ ಚೌಕದಲ್ಲಿ ಜಾತ್ರೆ. ನಾನು ಹಿಲ್ಸ್‌ಬರೊದಿಂದ ರೈಲು ಹತ್ತಿ ಹೋಗಿದ್ದೆ. ಜನರ ತಲೆಗಳ ಮೇಲೆ ಅವನೊಬ್ಬನ ತಲೆ. ನಾಚಿಕೊಂಡು ನಗುತ್ತಿದ್ದ. ಇಡೀ ಊರು ತನ್ನನ್ನು ಅಳಿಯನ ಥರ ಕರೆಸಿಕೊಂಡಿದೆ ಅಂತ ಅವನಿಗೂ ಗೊತ್ತಿತ್ತು ಅನಿಸುತ್ತದೆ.

ಸೆಪ್ಟೆಂಬರಿನಲ್ಲಿ ಬಲಮಂಡಿಯ ಶಸ್ತ್ರಚಿಕಿತ್ಸೆ. ಮೊದಲ ಸೀಸನ್ ಪೂರ್ತಿ ಹೋಯಿತು. 2008ರ ಅಕ್ಟೋಬರಿನಲ್ಲಿ ಲೇಕರ್ಸ್ ವಿರುದ್ಧ ಕೊನೆಗೂ ಕಣಕ್ಕಿಳಿದ, ಅರ್ಧ ಆಟದೊಳಗೆ ಪಾದಕ್ಕೆ ಪೆಟ್ಟು. 2009ರ ಡಿಸೆಂಬರ್ ಹೊತ್ತಿಗೆ ನಿಜವಾಗಿ ಚೆನ್ನಾಗಿ ಆಡುತ್ತಿದ್ದ. ಆಗ ಹ್ಯೂಸ್ಟನ್ ವಿರುದ್ಧ ಒಂದು ಶಾಟ್ ತಡೆಯಲು ಹೋಗಿ ಎಡ ಮಂಡಿಚಿಪ್ಪು ಒಡೆಯಿತು. ಸ್ಟ್ರೆಚರಿನಲ್ಲಿ ಹೊತ್ತೊಯ್ದರು. 2012ರಲ್ಲಿ ತಂಡ ಕೈಬಿಟ್ಟಿತು. ಬ್ಲೇಜರ್ಸ್ ಪರ ಅವನು ಆಡಿದ್ದು ಒಟ್ಟು 82 ಆಟ. ಮಾಮೂಲಿ ಸೀಸನ್ನೊಂದರಲ್ಲಿ ಒಂದು ತಂಡ ಆಡುವುದೂ ಸರಿಯಾಗಿ ಅಷ್ಟೇ.

ಬಾರು ಎತ್ತಲಾಗದ ಆ ಕಡ್ಡಿ ಹುಡುಗ ನಾಲ್ಕು ಸಲ ಲೀಗಿನಲ್ಲೇ ಅತಿ ಹೆಚ್ಚು ಸರಾಸರಿ ಪಾಯಿಂಟು ಗಳಿಸಿದ, 2014ರಲ್ಲಿ ಅತ್ಯುತ್ತಮ ಆಟಗಾರನಾದ, 2017 ಮತ್ತು 2018ರಲ್ಲಿ ಗೋಲ್ಡನ್ ಸ್ಟೇಟ್ ಜೊತೆ ಚಾಂಪಿಯನ್ ಆದ.

ಇಷ್ಟೂ ಫೋನಿನಲ್ಲಿ ಒಂದೇ ಪುಟದಲ್ಲಿ ಸಿಗುತ್ತದೆ. ಅದನ್ನೇ ನೋಡುತ್ತಾ ಹುಡುಗ ಕೇಳಿದ್ದು, ಅಷ್ಟೂ ಗೊತ್ತಾಗ್ಲಿಲ್ವಾ?

ನಾನು ಏನು ಹೇಳಿದೆ ಗೊತ್ತಾ? "ಮೊಸರನ್ನ ಹಾಕ್ಕೊಂಡ್ಯೇನಪ್ಪ?" ಅಂದೆ.

ಅಷ್ಟರಲ್ಲಿ ಮಂಡ್ಯದ ಗೆಳೆಯ ಅಡುಗೆಮನೆಯಿಂದ ಬಂದ. ಅವನಿಗೆ ಇದು ಹಬ್ಬ. "ನಾನ್ ಅವತ್ತೇ ಬಡ್ಕೊಂಡೆ ಕಣಪ್ಪ, ಡ್ಯುರಾಂಟ್ ತಗೊಳ್ಳಿ ಅಂತ. ಕೇಳ್ಬೇಕಲ್ಲ ಇವ್ರು!" ಇವ್ರು ಅಂದರೆ ನಾನು. ಬ್ಲೇಜರ್ಸ್ ತಂಡದ ಆಗಿನ ಮಾಲೀಕ ಪಾಲ್ ಅಲೆನ್ ನನ್ನನ್ನು ಕೇಳಿಯೇ ತೀರ್ಮಾನ ಮಾಡಿದ್ದ ಅನ್ನುವ ಹಾಗೆ. ಹುಡುಗ ಅವನನ್ನು ಮೆಚ್ಚುಗೆಯಿಂದ ನೋಡಿದ.

ಗೆಳೆಯ ಅವತ್ತು ಡ್ಯುರಾಂಟ್ ಅಂದಿದ್ದು ನಿಜ, ನಾನು ಸಾಕ್ಷಿ. ಆದರೆ ಕಾರಣ ಏನು ಕೊಟ್ಟಿದ್ದ ಅನ್ನುವುದಕ್ಕೂ ನಾನೇ ಸಾಕ್ಷಿ. "ತೆಳ್ಳಗಿರೋರು ಮೋಸ ಮಾಡಲ್ಲ ಗುರು." ಆಗ ಅವನೂ ತೆಳ್ಳಗಿದ್ದ. ಡ್ಯುರಾಂಟ್ ಆಡಿದ ಒಂದು ಆಟವನ್ನೂ ಪೂರ್ತಿ ನೋಡಿರಲಿಲ್ಲ. ಅದೇ ಬೇಸಿಗೆಯಲ್ಲಿ ಅವನು ಇನ್ನೊಂದು ಮಾತನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ. ಮನೆ ಈಗಲೇ ಕೊಳ್ಳಿ, ಅಮೆರಿಕದಲ್ಲಿ ಮನೆ ರೇಟು ಯಾವತ್ತೂ ಇಳಿಯಲ್ಲ. ಹೇಳಿದ್ದಷ್ಟೇ ಅಲ್ಲ, ತಾನೂ ಕೊಂಡ. ಮರುವರ್ಷ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅದನ್ನು ನೆನಪಿಸಿದರೆ "ಏ, ಅದು ಮಾರ್ಕೆಟ್ಟು ಕಣೋ, ಯಾರಿಗ್ ಗೊತ್ತಿತ್ತು?" ಅನ್ನುತ್ತಾನೆ.

ನೋಡಿ, ಓಡನ್‌ನ ಮಂಡಿ ಎಲ್ಲರಿಗೂ ಗೊತ್ತಿರಬೇಕಿತ್ತು. ಮನೆ ರೇಟು ಮಾತ್ರ ಯಾರಿಗೆ ಗೊತ್ತಿತ್ತು?

ಒಳ್ಳೆಯ ಮನುಷ್ಯ. ಕಷ್ಟ ಅಂದರೆ ಅರ್ಧರಾತ್ರಿ ಎದ್ದು ಬರುತ್ತಾನೆ. ಆದರೆ ತಾನು ಹೇಳಿ ನಿಜವಾದದ್ದನ್ನು ಮಾತ್ರ ನೆನಪಿಟ್ಟುಕೊಳ್ಳುವ ಕಲೆ ಅವನಷ್ಟು ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ.

ನಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಒಂದಿದೆ. ಚಿಕ್ಕಪ್ಪ ದೇವನಹಳ್ಳಿ ಹತ್ತಿರದ ಎರಡೆಕರೆಯನ್ನು ಮಗಳ ಮದುವೆಗೆ ಅಂತ ಮಾರಿದರು. ಆಮೇಲೆ ವಿಮಾನ ನಿಲ್ದಾಣ ಬಂತು, 2008ರಲ್ಲಿ ವಿಮಾನಗಳೂ ಹಾರಿದವು. ಈಗ ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೊಮ್ಮಕ್ಕಳು ಕೇಳುತ್ತಾರೆ, ಯಾಕೆ ತಾತ ಮಾರಿದ್ರಿ? ಚಿಕ್ಕಪ್ಪ ಎಲೆಅಡಿಕೆ ಹಾಕಿಕೊಂಡು ಸುಮ್ಮನಿರುತ್ತಾರೆ. ಕೇಳುವ ಮೊಮ್ಮಕ್ಕಳು ಆ ಮದುವೆಯಿಂದಲೇ ಹುಟ್ಟಿದವರು! ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಹುಡುಗನ ಪ್ರಶ್ನೆ ಇಷ್ಟು ನಾಟಿದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು. ಆಫೀಸಿನಲ್ಲಿ ನಾನು ಮಾಡುವ ಕೆಲಸದಲ್ಲಿ ಒಂದು ಪಾಲು ಇದೇ. ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ಇಂಟರ್‌ವ್ಯೂ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಈ ಮಂಗಳವಾರವೇ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಒಬ್ಬಳು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಇನ್ನೊಬ್ಬ ನಿಧಾನ, ಆದರೆ ನಾವು ಕೇಳದೆ ಇದ್ದ ಒಂದು ತೊಂದರೆಯನ್ನು ತಾನೇ ಹುಡುಕಿ ತೋರಿಸಿದ. ಪ್ಯಾನೆಲ್ಲಿನಲ್ಲಿ ವಾದ ಆಯಿತು. ಒಬ್ಬರು "ಅವನ ಮಾತಲ್ಲಿ ಕಾನ್ಫಿಡೆನ್ಸ್ ಇಲ್ಲ" ಅಂದರು. ಕೊನೆಗೆ ಹುಡುಗಿಯನ್ನು ತಗೊಂಡೆವು, ಕಾಫಿ ಕುಡಿದೆವು, ಮುಂದಿನ ಕೆಲಸ ನೋಡಿಕೊಂಡೆವು.

ಆ ಹುಡುಗ ಮುಂದೆ ಏನಾಗುತ್ತಾನೋ ನಮಗೆ ಯಾವತ್ತೂ ತಿಳಿಯುವುದಿಲ್ಲ. ಎಲ್ಲೋ ಹೋಗಿ ನಮ್ಮ ಕಂಪನಿಯನ್ನೇ ಕೊಳ್ಳುವಷ್ಟು ದೊಡ್ಡವನಾದರೂ ಇವತ್ತಿನ ಪ್ಯಾನೆಲ್ಲಿನ ಹೆಸರು ಯಾರೂ ಹುಡುಕುವುದಿಲ್ಲ. ಅದಕ್ಕೇ ನಮಗೆಲ್ಲ ಚೆನ್ನಾಗಿ ನಿದ್ದೆ ಬರುತ್ತದೆ. ನಾವೇ ಜಾಣರು ಅನ್ನುವ ಭ್ರಮೆಯೂ ಉಳಿಯುತ್ತದೆ. ಬ್ಲೇಜರ್ಸ್‌ಗೆ ಆ ಸುಖ ಸಿಗಲಿಲ್ಲ. ಡ್ಯುರಾಂಟ್‌ನ ತಂಡ 2008ರಲ್ಲಿ ಸಿಯಾಟಲ್ ಬಿಟ್ಟು ಒಕ್ಲಹೋಮ ಸಿಟಿಗೆ ಹೋದರೂ ಇದ್ದಿದ್ದು ನಮ್ಮದೇ ವಿಭಾಗದಲ್ಲಿ. ಪ್ರತಿ ವರ್ಷ ಬರುತ್ತಿದ್ದ, ನಮ್ಮ ಅಂಗಳದಲ್ಲೇ ಪಾಯಿಂಟು ಹೊಡೆಯುತ್ತಿದ್ದ. ಬೆಂಚಿನ ಮೇಲೆ ಸೂಟು ಹಾಕಿಕೊಂಡು ಕೂತ ಓಡನ್‌ನನ್ನು ಟಿವಿಯವರು ತೋರಿಸುತ್ತಿದ್ದರು. ಬಿಟ್ಟದ್ದು, ಹಿಡಿದದ್ದು ಎರಡೂ ಒಂದೇ ಪರದೆಯ ಮೇಲೆ. ಯಾವ ಇಂಟರ್‌ವ್ಯೂ ಪ್ಯಾನೆಲ್ಲಿಗೂ ಇಂಥ ಶಿಕ್ಷೆ ಇಲ್ಲ.

ಇನ್ನೂ ತಮಾಷೆ ಬೇಕಾ? ಆ ಲಾಟರಿಯಲ್ಲಿ ನಿಜವಾಗಿ ಮಣ್ಣುಮುಕ್ಕಿದ್ದು ಬಾಸ್ಟನ್. ಲೀಗಿನಲ್ಲೇ ಎರಡನೇ ಕೆಟ್ಟ ತಂಡ, ಓಡನ್ ಅಥವಾ ಡ್ಯುರಾಂಟ್ ಸಿಕ್ಕೇ ಸಿಗುತ್ತಾನೆ ಅಂತ ಕಾದಿದ್ದವರಿಗೆ ಸಿಕ್ಕಿದ್ದು ಐದನೇ ಆಯ್ಕೆ. ಅವರು ಆ ಆಯ್ಕೆಯನ್ನೂ ಸೇರಿಸಿ ಸಿಯಾಟಲ್‌ಗೆ ಕೊಟ್ಟು ರೇ ಆಲನ್‌ನನ್ನು ತಂದರು, ಮುಂದಿನ ತಿಂಗಳು ಕೆವಿನ್ ಗಾರ್ನೆಟ್‌ನನ್ನು ತಂದರು, 2008ರಲ್ಲಿ ಚಾಂಪಿಯನ್ ಆದರು. ಇಬ್ಬರಲ್ಲಿ ಯಾರು ಅಂತ ನಾವು ಗಂಟಲು ಹರಿದುಕೊಳ್ಳುತ್ತಿದ್ದಾಗ, ಇಬ್ಬರೂ ಸಿಗದವರು ಕಪ್ ಎತ್ತಿದರು.

ಈ ಎಲ್ಲ ವಾದದಲ್ಲಿ ಓಡನ್ ಎಲ್ಲಿದ್ದಾನೆ ಅಂತ ಯಾರೂ ಕೇಳುವುದಿಲ್ಲ. ಹುಡುಗನೂ ಕೇಳಲಿಲ್ಲ, ಫೋನಿನಲ್ಲಿ ಅದನ್ನು ನೋಡಬೇಕಾದರೆ ಇನ್ನೂ ಸ್ವಲ್ಪ ಕೆಳಗೆ ಹೋಗಬೇಕು. ಓಡನ್ ವಾಪಸ್ ಒಹಾಯೊ ಸ್ಟೇಟ್‌ಗೆ ಹೋಗಿ 2019ರಲ್ಲಿ ಡಿಗ್ರಿ ಮುಗಿಸಿದ. 2022ರಲ್ಲಿ ತನ್ನ ಹಳೆಯ ಕೋಚ್ ಥ್ಯಾಡ್ ಮ್ಯಾಟಾ ಜೊತೆ ಬಟ್ಲರ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಸಿಬ್ಬಂದಿಗೆ ಸೇರಿದ. ಕಾಲೇಜು ಹುಡುಗರ ಜೊತೆಯಲ್ಲೇ ಕೆಲಸ. ಮೂವತ್ತರ ಮೇಲೆ ಮತ್ತೆ ಕ್ಲಾಸಿನಲ್ಲಿ ಕೂತು ಡಿಗ್ರಿ ಮುಗಿಸುವುದು, ಅದೂ ಬಾಗಿಲಿನಲ್ಲಿ ತಲೆ ಬಗ್ಗಿಸಿ ಬರುವ ಏಳಡಿಯ ಮನುಷ್ಯ, ಪ್ರತಿಯೊಬ್ಬನಿಗೂ ಗುರುತು ಸಿಗುವವನು. ನನಗಂತೂ ಅದು 25 ಪಾಯಿಂಟಿನ ಆ ಫೈನಲ್ಲಿಗಿಂತ ಕಷ್ಟದ ಆಟ ಅನಿಸುತ್ತದೆ. ಆ ಗುಣ ಅವನಲ್ಲಿ ಹತ್ತೊಂಬತ್ತರಲ್ಲೂ ಇದ್ದಿರಬೇಕು. ಅಳೆಯುವುದಕ್ಕೆ ಯಾವ ಬಾರೂ ಇರಲಿಲ್ಲ ಅಷ್ಟೇ.

ಈ ಸಲದ ಡ್ರಾಫ್ಟಿನ ಬಗ್ಗೆಯೂ ಮಂಡ್ಯದವನು ಜೋರಾಗಿಯೇ ಇದ್ದಾನೆ. ಬುಧವಾರ ಫೋನ್ ಮಾಡಿ ಅರ್ಧ ಗಂಟೆ ಕೊರೆದ. "ಒಂದ್ ಕೆಲ್ಸ ಮಾಡು, ನಿನ್ನ ಆಯ್ಕೆ ಯಾರು ಅಂತ ಈಗಲೇ ವಾಟ್ಸಾಪ್ ಗ್ರೂಪಲ್ಲಿ ಬರೆದುಬಿಡು. ನಾಳೆ ಅವತ್ತೇ ಬಡ್ಕೊಂಡೆ ಅನ್ನೋಕೆ ಸಾಕ್ಷಿ ಇರುತ್ತೆ" ಅಂದೆ. "ಅದಕ್ಕೇನಂತೆ" ಅಂದ.

ಹತ್ತು ನಿಮಿಷಕ್ಕೆ ಮೆಸೇಜು ಬಂತು. ಮೂರು ಹೆಸರು ಹಾಕಿದ್ದಾನೆ.