ಕ್ಲೀನರ್ ಸೀಟಿನಲ್ಲಿ ಕೂತವನ ನೆನಪು

ಕಳೆದ ತಿಂಗಳು ಒಂದು ಭಾನುವಾರ ಸುಮ್ನೆ ಕುಂದಾಪುರಕ್ಕೆ ಹೋಗಿ ಬಂದೆ. ಕೆಲಸ ಇರಲಿಲ್ಲ. ಮದುವೆ, ಬೊಜ್ಜ, ಪೂಜೆ ಯಾವುದೂ ಇರಲಿಲ್ಲ. ಕಾರಿನ ಹೊಟ್ಟೆಯಲ್ಲಿ ಮಸಿ ಕಟ್ಟಿತ್ತು, ಅದನ್ನು ಸುಡಲಿಕ್ಕೆ ಹೋದದ್ದು.

ತಮಾಷೆ ಅಲ್ಲ. ನನ್ನ ಮನೆ ಉಡುಪಿಯಲ್ಲಿ, ಆಫೀಸು ಮಣಿಪಾಲದಲ್ಲಿ. ಐದು ಕಿಲೋಮೀಟರ್ ದಾರಿ. ಇಂಜಿನ್ ಸರಿಯಾಗಿ ಬಿಸಿ ಆಗುವಷ್ಟರಲ್ಲಿ ಪಾರ್ಕಿಂಗ್ ಬಂದಿರುತ್ತದೆ. ಈಗಿನ ಡೀಸೆಲ್ ಕಾರುಗಳಲ್ಲಿ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಕೂತಿರುತ್ತದೆ. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ತಾನೇ ಸುಟ್ಟುಕೊಳ್ಳಬೇಕು, ಅದಕ್ಕೆ ಸುಮಾರು 600 ಡಿಗ್ರಿ ಶಾಖ ಬೇಕು, ಅಷ್ಟು ಶಾಖ ಬರಬೇಕಾದರೆ ನಿಲ್ಲಿಸದೆ ಒಂದಿಪ್ಪತ್ತು ನಿಮಿಷ ಹೈವೇಯಲ್ಲಿ ಓಡಿಸಬೇಕು. ದಿನಾ ಐದು ಕಿಲೋಮೀಟರ್ ಓಡುವ ಕಾರಿಗೆ ಆ ಭಾಗ್ಯ ಎಲ್ಲಿಂದ ಬರಬೇಕು? ಹಳದಿ ಲೈಟ್ ಬಂತು. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. "ಸರ್, ಒಮ್ಮೆ ಲಾಂಗ್ ಹೋಗಿ ಬನ್ನಿ" ಅಂದ ಹುಡುಗ. ನಾಯಿಯನ್ನು ವಾಕಿಂಗಿಗೆ ಬಿಟ್ಟ ಹಾಗೆ ಕಾರನ್ನೂ ಬಿಡಬೇಕು ಅಂತ ನನಗೆ ಗೊತ್ತಿರಲಿಲ್ಲ.

ಅಪ್ಪ ಪಕ್ಕದಲ್ಲಿ ಕೂತಿದ್ದರು. ಪ್ರಾಯ 78.

"ಎಲ್ಲಿಗೆ ಹೋಗುವುದು?"

"ಎಲ್ಲಿಗೂ ಇಲ್ಲ. ಮಸಿ ಸುಡಲಿಕ್ಕೆ."

ಸಂತೆಕಟ್ಟೆ ದಾಟುವವರೆಗೂ ನಗುತ್ತಿದ್ದರು.

ಅವರು ನಗುವುದಕ್ಕೆ ಕಾರಣ ಉಂಟು. ಅಪ್ಪ ಮಂಗಳೂರಿನಿಂದ ಹಾಸನಕ್ಕೆ, ಕೆಲವೊಮ್ಮೆ ಬೆಂಗಳೂರಿಗೆ ಹಂಚಿನ ಲೋಡ್ ಹೊಡೆದವರು. ಹೋಗುವಾಗ ಹಂಚು, ಬರುವಾಗ ಆಲೂಗಡ್ಡೆಯೋ ಮತ್ತೊಂದೋ. ಧಣಿಯ ಲಾರಿ, ಟಾಟಾ 1210. ಆ ಹೆಸರಿನಲ್ಲೇ ಅದರ ಜಾತಕ ಇತ್ತು. ಕೊನೆಯ ಎರಡು ಅಂಕಿ ಎಷ್ಟು ಹತ್ತು ಕುದುರೆ ಶಕ್ತಿ ಅಂತ, ಅದಕ್ಕೆ ಮೊದಲಿನದು ಲೋಡ್ ಸೇರಿ ಎಷ್ಟು ಟನ್ ಅಂತ. 1210 ಅಂದರೆ 12 ಟನ್, ಸುಮಾರು 100 ಕುದುರೆ. ಆಮೇಲೆ ಬಂದ 407 ಅಂದರೆ 4 ಟನ್, 70 ಕುದುರೆ. ಹೆಸರು ಓದಿದರೆ ಸಾಕು, ವಿಷಯ ಗೊತ್ತಾಗುತ್ತಿತ್ತು. ಈಗಿನ ಕಾರುಗಳ ಹೆಸರು ಕೇಳಿದರೆ ಅದು ಕಾರೋ ಕೆಮ್ಮಿನ ಔಷಧವೋ ಅಂತ ಹೇಳಲಿಕ್ಕಾಗುವುದಿಲ್ಲ.

ಅಪ್ಪನ ಪ್ರಾಯದ ಡ್ರೈವರುಗಳು ಇನ್ನೂ ಹಳೆಯ ಲಾರಿಗಳಿಗೆ 'ಬೆಂಝ್' ಅಂತಲೇ ಹೇಳುತ್ತಿದ್ದರು. ದೊಡ್ಡಸ್ತಿಕೆಗೆ ಅಲ್ಲ. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ ಸೇರಿ ಲಾರಿ ಮಾಡುತ್ತಿದ್ದರು, ಮೂತಿಯ ಮೇಲೆ ಆ ಮೂರು ಕಾಲಿನ ನಕ್ಷತ್ರವೇ ಇರುತ್ತಿತ್ತು. ಇವತ್ತು ಆ ನಕ್ಷತ್ರದ ಕಾರು ಕಂಡರೆ ದಾರಿ ಬಿಡುತ್ತೇವೆ. ಒಂದು ಕಾಲದಲ್ಲಿ ಅದೇ ನಕ್ಷತ್ರ ಹಂಚು, ಸೌದೆ ಹೊತ್ತುಕೊಂಡು ಓಡಾಡಿದೆ.

ಆಗ ಹೆಚ್ಚಿನ ಲಾರಿಗಳು ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿ. ಇಂಜಿನ್, ಚಕ್ರ, ಸ್ಟೇರಿಂಗ್, ಮುಂದೆ ಮೂತಿ, ಅಷ್ಟೆ. ಡ್ರೈವರನಿಗೆ ಮಾಡೂ ಇಲ್ಲ, ಬಾಗಿಲೂ ಇಲ್ಲ. ಬೈರಾಸು ಮಂಡೆಗೆ ಸುತ್ತಿಕೊಂಡು ಅದನ್ನು ಜೆಮ್‌ಶೆಡ್‌ಪುರದಿಂದ ಓಡಿಸಿಕೊಂಡು ಬರುವವರೇ ಬೇರೆ ಇದ್ದರು. ಊರಿಗೆ ಬಂದ ಮೇಲೆ ಬಾಡಿ ಕಟ್ಟುವವರ ಶೆಡ್ಡಿನಲ್ಲಿ ಮರದ ಕ್ಯಾಬಿನ್ ಕೂರಿಸುತ್ತಿದ್ದರು. ಹಾಗಾಗಿ ನಮ್ಮ ಲಾರಿಯ ಅರ್ಧ ಭಾಗ ಆಚಾರಿ ಕೆಲಸ. ಮಳೆಗಾಲದಲ್ಲಿ ಬಾಗಿಲು ನೀರು ಕುಡಿದು ಉಬ್ಬುತ್ತಿತ್ತು, ಮನೆಯ ಬಾಗಿಲಿನ ಹಾಗೇ. ಒಳಗಿಂದ ಭುಜ ಕೊಟ್ಟು ದೂಡಬೇಕಿತ್ತು.

ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಇಂಜಿನ್ ಅರ್ಧ ಕ್ಯಾಬಿನ್ ಒಳಗೇ ಇರುವುದರಿಂದ ಮಧ್ಯದಲ್ಲಿ ದೊಡ್ಡ ಡುಬ್ಬ. ಅದರ ಮೇಲೆ ಅಮ್ಮ ಕಟ್ಟಿ ಕೊಟ್ಟ ಬುತ್ತಿ ಇಟ್ಟರೆ ಉಪ್ಪಿನಂಗಡಿಯಲ್ಲಿ ಬಿಚ್ಚುವಾಗಲೂ ಬಿಸಿ ಬಿಸಿ. ಕಾಲು ತಾಗಿದರೆ ಸುಡುತ್ತಿತ್ತು, ಅದು ಬೇರೆ. ಬಿ.ಸಿ. ರೋಡು, ನೆಲ್ಯಾಡಿ, ಗುಂಡ್ಯ. ಆಮೇಲೆ ಶಿರಾಡಿ. ಘಾಟಿಯಲ್ಲಿ ಅಪ್ಪ ಎರಡು ಸಲ ಕ್ಲಚ್ ತುಳಿದು, ನಡುವೆ ಒಮ್ಮೆ ಆಕ್ಸಿಲರೇಟರ್ ಕೊಟ್ಟು ಗೇರು ಇಳಿಸುತ್ತಿದ್ದರು. ತಪ್ಪಿದರೆ ಗೇರ್‌ಬಾಕ್ಸ್ ಬೊಬ್ಬೆ ಹಾಕುತ್ತಿತ್ತು. ಅವರು ತಪ್ಪಿದ್ದು ನನಗೆ ನೆನಪಿಲ್ಲ. 'ಹತ್ತಿದ ಗೇರಿನಲ್ಲೇ ಇಳಿ' ಅನ್ನುವುದು ಅವರ ಒಂದೇ ಮಂತ್ರ. ಇವತ್ತಿಗೂ ಆಗುಂಬೆ ಇಳಿಯುವಾಗ ನನ್ನ ಕೈ ಗೇರಿನ ಮೇಲೆ ಉಂಟಾ ಅಂತ ಓರೆಗಣ್ಣಿನಲ್ಲಿ ನೋಡುತ್ತಾರೆ.

ಒಮ್ಮೆ ಗುಂಡ್ಯ ದಾಟಿದ ಮೇಲೆ ಡೀಸೆಲ್ ಮುಗಿಯಿತು. ಟ್ಯಾಂಕಿಗೆ ಕೋಲು ಇಳಿಸಿ ಅಳೆಯುವುದು ವಾಡಿಕೆ, ಆ ದಿನ ಯಾರೂ ಇಳಿಸಿರಲಿಲ್ಲ. ಕ್ಲೀನರ್ ಕ್ಯಾನ್ ಹಿಡಿದು ಇನ್ನೊಂದು ಲಾರಿ ಹತ್ತಿ ಹೋಗಿ ಡೀಸೆಲ್ ತಂದ. ಆದರೆ ಹಾಕಿದ ಕೂಡಲೇ ಸ್ಟಾರ್ಟ್ ಆಗುವುದಿಲ್ಲ. ಪೈಪಿನೊಳಗೆ ಗಾಳಿ ಸೇರಿರುತ್ತದೆ, 'ಏರ್ ಹಿಡಿದಿದೆ' ಅನ್ನುತ್ತಿದ್ದರು. ಅಪ್ಪ ಬಾನೆಟ್ ಎತ್ತಿ ಫಿಲ್ಟರಿನ ಮೇಲಿನ ಸಣ್ಣ ಸ್ಕ್ರೂ ಸಡಿಲ ಮಾಡಿದರು. ಪಕ್ಕದಲ್ಲಿ ಹೆಬ್ಬೆರಳಿನಲ್ಲಿ ಒತ್ತುವ ಒಂದು ಪುಟ್ಟ ಪಂಪ್ ಇರುತ್ತದೆ. ಅದನ್ನು ನನ್ನ ಕೈಗೆ ಕೊಟ್ಟರು. ಒತ್ತಿದೆ. ಮೊದಲು ಬುಸ್ ಅಂತ ಗಾಳಿ. ಮತ್ತೆ ಒತ್ತಿದೆ. ಸೋಪಿನ ನೀರಿನ ಹಾಗೆ ನೊರೆ. ಬೆರಳು ನೋಯುವವರೆಗೆ ಒತ್ತಿದೆ. ನೊರೆ ಕಮ್ಮಿ ಆಯಿತು, ಗುಳ್ಳೆ ಒಂದೊಂದೇ ಆಯಿತು, ಆಮೇಲೆ ಗುಳ್ಳೆಯೇ ಇಲ್ಲದ ಡೀಸೆಲ್ ಎಳ್ಳೆಣ್ಣೆಯ ಹಾಗೆ ಸ್ಕ್ರೂ ಸುತ್ತ ಇಳಿಯಿತು. ಅಪ್ಪ ಸ್ಕ್ರೂ ಬಿಗಿ ಮಾಡಿ, ಹತ್ತಿ ಕೂತು ಸೆಲ್ಫ್ ಹೊಡೆದರು. ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಉಗುಳಿ ಇಂಜಿನ್ ಹಿಡಿಯಿತು. ಹತ್ತು ವರ್ಷದ ಹುಡುಗನಿಗೆ ಆ ದಿನ ಎಷ್ಟು ಗತ್ತು ಬಂದಿರಬೇಕು, ಯೋಚನೆ ಮಾಡಿ. ಶಾಲೆ ಶುರುವಾದ ಮೇಲೆ 'ಲಾರಿ ರಿಪೇರಿ ಮಾಡಿದ್ದೇನೆ' ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಈ ಕಥೆಯನ್ನು ಬ್ರಹ್ಮಾವರದ ಹತ್ತಿರ ಮತ್ತೊಮ್ಮೆ ತೆಗೆದೆ. ಆಗಿನ ಗಾಡಿಗಳೇ ಗಾಡಿಗಳು ಅಂದೆ. ಅಪ್ಪ ಎಸಿಯ ಗಾಳಿಯನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ನೀನು ಕ್ಲೀನರ್ ಸೀಟಿನಲ್ಲಿ ಕೂತವ ಮಾರಾಯ. ನಿನಗೆ ಚಂದ ಕಂಡಿದೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಬಲ ಭುಜ ಈಗಲೂ ತಲೆಯಿಂದ ಮೇಲೆ ಏಳುವುದಿಲ್ಲ. ಆ ಕಾಲದ ಲಾರಿಗಳಲ್ಲಿ ಪವರ್ ಸ್ಟೇರಿಂಗ್ ಎಲ್ಲಿತ್ತು? ಲೋಡ್ ಇರುವಾಗ ತಿರುವಿನಲ್ಲಿ ಸೀಟಿನಿಂದ ಎದ್ದು, ಮೈಭಾರ ಪೂರಾ ಹಾಕಿ ಸ್ಟೇರಿಂಗ್ ಎಳೆಯುವುದನ್ನು ನಾನೇ ನೋಡಿದ್ದೇನೆ. ಆಗ ಅದು ನನಗೆ ಸರ್ಕಸ್ ಹಾಗೆ ಗಮ್ಮತ್ತಾಗಿ ಕಂಡಿತ್ತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಂತ ಓದಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಇಷ್ಟು ತಡ ಯಾಕೆ?"

ಮತ್ತೆ ಆ ಮಸಿ. ನಾನು ಈಗ ಬೈಯುತ್ತಿರುವ ಫಿಲ್ಟರ್ ಹಿಡಿದಿಟ್ಟುಕೊಳ್ಳುವ ಮಸಿ ಆಗ ಎಲ್ಲಿಗೆ ಹೋಗುತ್ತಿತ್ತು ಹೇಳಿ. ಶಿರಾಡಿಯಲ್ಲಿ ಮುಂದೆ ಒಂದು ಲೋಡ್ ಲಾರಿ ಹತ್ತುತ್ತಿದ್ದರೆ ಹಿಂದಿನವರ ಮೂಗಿನೊಳಗೆ. ಹಾಸನ ಮುಟ್ಟಿ ಮುಖ ತೊಳೆದರೆ ಬೈರಾಸು ಕಪ್ಪು. 2020ರ ಏಪ್ರಿಲ್‌ನಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂತು, ಡೀಸೆಲಿನಲ್ಲಿ ಗಂಧಕದ ಅಂಶ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಅಡ್ಡಿಲ್ಲ, ಒಳ್ಳೆಯದೇ ಆಯಿತು. ಇದರಲ್ಲಿ ನನಗೆ ತಕರಾರಿಲ್ಲ.

ಹಾಗಾದರೆ ತಕರಾರು ಎಲ್ಲಿ? ಅದಕ್ಕೆ ಅಂಬಾಸಿಡರ್ ಕಥೆ ಹೇಳಬೇಕು.

ಲಾರಿ ಬಿಟ್ಟ ಮೇಲೆ ಅಪ್ಪ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಅಂಬಾಸಿಡರ್ ತೆಗೆದುಕೊಂಡು ಬಾಡಿಗೆಗೆ ಇಟ್ಟರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು ಅದು, ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಯಿತು. ಗೇರು ಸ್ಟೇರಿಂಗಿನ ಪಕ್ಕ, ಮುಂದೆ ಸೋಫಾದ ಹಾಗೆ ಉದ್ದ ಸೀಟು. ಮದುವೆ ದಿಬ್ಬಣದಲ್ಲಿ ಎಷ್ಟು ಜನ ಕೂರುತ್ತಿದ್ದರು ಅಂತ ಇಲ್ಲಿ ಬರೆದರೆ ಈಗ ಕೇಸ್ ಹಾಕಿಯಾರು. ಬ್ಯಾಟರಿ ಮಲಗಿದರೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಬಹುದಿತ್ತು. ಅದನ್ನು ಹಿಡಿಯುವುದಕ್ಕೂ ಒಂದು ಕ್ರಮ ಉಂಟು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಕಡೆಗೇ ಇಡಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಯಿತು ಅಂತಲೇ ಲೆಕ್ಕ. ಅಪ್ಪ ಪ್ರತಿ ಸಲ ಹೇಳುತ್ತಿದ್ದರು, ಪ್ರತಿ ಸಲ.

ನಮ್ಮ ಮಳೆ ಗೊತ್ತಲ್ವಾ. ಜುಲೈಯಲ್ಲಿ ಗುಂಡಿಯ ನೀರು ಒಳಗೆ ಹಾರಿ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒದ್ದೆಯಾದರೆ ಯಾವ ಪೆಟ್ರೋಲ್ ಗಾಡಿಯೂ ನಿಲ್ಲುತ್ತಿತ್ತು. ಪಡುಬಿದ್ರಿಯಲ್ಲಿ ಹಾಗೆ ನಿಂತಾಗ ಅಪ್ಪ ಎರಡು ಕ್ಲಿಪ್ ಬಿಚ್ಚಿ, ಮುಚ್ಚಳ ತೆಗೆದು, ಒಳಗೆ ಬೈರಾಸಿನಲ್ಲಿ ಒರೆಸಿ, ಉಫ್ ಅಂತ ಊದಿ ಮುಚ್ಚಿದರು. ಮಂಗಳೂರಿಗೆ ಹೋಗಬೇಕಾದ ಪಾರ್ಟಿ ಬೀಡ ಮಡಚಿ ಬಾಯಿಗೆ ಹಾಕುವಷ್ಟರಲ್ಲಿ ಗಾಡಿ ಸ್ಟಾರ್ಟ್.

ಹೋದ ವರ್ಷ ಇದೇ ಮಳೆಯಲ್ಲಿ ನನ್ನ ಕಾರಿಗೆ ಬಂದದ್ದೂ ಇದೇ ರೋಗ. ತೀರ್ಥಹಳ್ಳಿಗೆ ಹೊರಟಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ, ಇರುವ 14 ತಿರುವಿನಲ್ಲಿ ಏಳೋ ಎಂಟೋ ಆಗಿರಬೇಕು, ಹಳದಿ ಲೈಟ್ ಬಂತು, ಕಾರಿನ ಜೀವವೇ ಹೋಯಿತು. ಎಷ್ಟು ತುಳಿದರೂ ಆಮೆ. ಹಿಂದಿನಿಂದ ಹಾರ್ನೋ ಹಾರ್ನು. ಇಂಜಿನಿಗೆ ಪೆಟ್ಟಾಗದಿರಲಿ ಅಂತ ಕಾರು ತಾನೇ ಶಕ್ತಿ ಕಮ್ಮಿ ಮಾಡಿಕೊಳ್ಳುತ್ತದಂತೆ. ಕಾಳಜಿ ಒಳ್ಳೆಯದೇ, ಆದರೆ ಆಗುಂಬೆಯ ತಿರುವಿನಲ್ಲಿ? ಬಾನೆಟ್ ತೆಗೆದೆ. ಕಂಡದ್ದು ಒಂದು ದೊಡ್ಡ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದನ್ನು ನೋಡಿ ಮುಚ್ಚಿದೆ. ಹೇಗೋ ತೆವಳಿ ಮೇಲೆ ಮುಟ್ಟಿ, ಆಫ್ ಮಾಡಿ ಕಾಲು ಗಂಟೆ ಬಿಟ್ಟು ಆನ್ ಮಾಡಿದರೆ ಏನೂ ಆಗದವರ ಹಾಗೆ ಓಡಿತು. ಮಂಡೆಬಿಸಿ ಮಾತ್ರ ನನಗೆ ಉಳಿಯಿತು. ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ನೋಡಿದರು. ಇಂಜಿನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಯಾವುದೋ ಸೆನ್ಸರಿನ ಕನೆಕ್ಟರಿಗೆ ನೀರು ಹೋಗಿತ್ತು. ಒರೆಸಿ, ಸ್ಪ್ರೇ ಹೊಡೆದು ಕೊಟ್ಟರು.

ಬಿಲ್ಲಿಗಿಂತ ಜಾಸ್ತಿ ನನಗೆ ಕಿರಿಕಿರಿ ಆದದ್ದು ಬೇರೆ. ಯಾವ ಜಾಗ, ಯಾವ ಸೆನ್ಸರ್ ಅಂತ ಕಾರಿಗೆ ಆ ತಿರುವಿನಲ್ಲೇ ಗೊತ್ತಿತ್ತು. ಯಾವ ತೊಂದರೆ ಅನ್ನುವುದರ ಕೋಡ್ ಬರೆದಿಟ್ಟುಕೊಂಡಿತ್ತು. ಮೊಬೈಲಿನಷ್ಟು ದೊಡ್ಡ ಸ್ಕ್ರೀನ್ ಎರಡು ಇವೆ, ಹಾಡಿನ ಜೊತೆ ಹಾಡುಗಾರನ ಫೋಟೋ ತೋರಿಸುತ್ತದೆ, ಬಾಗಿಲು ಹಾಕಿಲ್ಲ ಅಂತ ಹೆಂಗಸಿನ ಸ್ವರದಲ್ಲಿ ಹೇಳುತ್ತದೆ. 'ಇಲ್ಲಿ ನೀರು ಹೋಗಿದೆ ಮಾರಾಯ' ಅಂತ ಮಾತ್ರ ದುಡ್ಡು ಕೊಟ್ಟವನಿಗೆ ಹೇಳುವುದಿಲ್ಲ. ಎಲ್ಲದಕ್ಕೂ ಅದೇ ಒಂದು ಹಳದಿ ಲೈಟ್. ಅಂಬಾಸಿಡರ್ ವಾಪಸ್ ಬರಲಿ ಅಂತ ನನಗೇನೂ ಆಸೆ ಇಲ್ಲ, ಬೆಲ್ಟು ಇಲ್ಲದೆ ಏರ್‌ಬ್ಯಾಗ್ ಇಲ್ಲದೆ ಈಗಿನ 66ರ ಹೈವೇಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಧೈರ್ಯವೂ ಇಲ್ಲ. ಈಗಿನ ಕಾರಿಗೇ ಸ್ವಲ್ಪ ಬಾಯಿ ಬಂದರೆ ಸಾಕು.

ಈಗ ಆನ್‌ಲೈನಿನಲ್ಲಿ ಸಿಗುವ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರ್ ತರಿಸಿಕೊಂಡಿದ್ದೇನೆ. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಮೊಬೈಲಿಗೆ ಕೋಡ್ ಬರುತ್ತದೆ. ಒಮ್ಮೆ ಪಿ0299 ಅಂತ ತೋರಿಸಿತು. ಹುಡುಕಿದರೆ ಟರ್ಬೋದ ಗಾಳಿಯ ಒತ್ತಡ ಸಾಲದು ಅಂತ ಅರ್ಥ. ಕಾರಣ? ಪೈಪ್ ಸಡಿಲ ಇರಬಹುದು, ಸೆನ್ಸರ್ ಇರಬಹುದು, ಟರ್ಬೋವೇ ಹೋಗಿರಬಹುದು. ನಮ್ಮ ಓಣಿಯ ಮೆಕ್ಯಾನಿಕ್ ಕೈಯಲ್ಲೂ ಈಗ ಇಂಥದ್ದೇ ಒಂದು ಉಂಟು. ನನ್ನ ಕೋಡ್ ನೋಡಿ, ಅದನ್ನು ಬದಿಗಿಟ್ಟು, ಕೈ ಹಾಕಿ ಒಂದು ರಬ್ಬರ್ ಪೈಪಿನ ಕ್ಲಿಪ್ ಬಿಗಿ ಮಾಡಿದ. ಅಷ್ಟೇ ಆಗಿತ್ತು. ಇನ್ನೂರು ರೂಪಾಯಿ ತೆಗೆದುಕೊಂಡ. ಆ ಕ್ಲಿಪ್ ಎಲ್ಲಿ ಅಂತ ನಾನು ಬಗ್ಗಿ ನೋಡಿಟ್ಟುಕೊಂಡಿದ್ದೇನೆ.

ಆ ಭಾನುವಾರ ಕುಂದಾಪುರದಲ್ಲಿ ಚಾ ಕುಡಿದು ತಿರುಗಿದೆವು. ಕೋಟ ದಾಟಿದ ಮೇಲೆ ಲೈಟ್ ತಾನಾಗಿ ಆರಿತು. "ಸುಟ್ಟಿತಾ?" ಅಂತ ಕೇಳಿದರು ಅಪ್ಪ. ಸುಟ್ಟಿತು ಅಂದೆ. ನಿದ್ದೆ ಹೋದರು.

ಅಂಬಾಸಿಡರನ್ನು ಮಾರಿ ವರ್ಷ ಎಷ್ಟೋ ಆಯಿತು, ಹ್ಯಾಂಡಲ್ ಮಾತ್ರ ಕೊಡಲಿಕ್ಕೆ ಮರೆತು ಮನೆಯಲ್ಲೇ ಉಳಿದಿದೆ. ಗೇಟಿನ ಅಗುಳಿ ತುಕ್ಕು ಹಿಡಿದು ಮುರಿದ ಮೇಲೆ ಅದನ್ನೇ ಅಡ್ಡ ತೂರಿಸುತ್ತೇವೆ. ಮನೆ ಮುಟ್ಟಿದಾಗ ಮಳೆ ಹನಿಯುತ್ತಿತ್ತು. ಗೇಟ್ ತೆಗೆಯಲಿಕ್ಕೆ ಇಳಿದು ಹ್ಯಾಂಡಲ್ ಎಳೆಯುತ್ತಿದ್ದೆ. ಹಿಂದೆ ಕಾರಿನ ಗಾಜು ಕೆಳಗೆ ಇಳಿದ ಸದ್ದು.

"ಹೆಬ್ಬೆರಳು ಜಾಗ್ರತೆ!"